ಕೈಯಿಂದ ಓಡಿಸಿದರೆ ಸರಿ, ಕ್ರಾನ್‌ನಲ್ಲಿ ಡಾಟ್‌ಎನ್ವಿ ಸಿಗುತ್ತಿಲ್ಲ. ಮೂರು ದಿನ ಆಯ್ತು!

ಅಡಿಕೆ ಲೆಕ್ಕ | ಮಂಗಳವಾರ, ರಾತ್ರಿ 10.40

ಎಲ್ಲರಿಗೂ ನಮಸ್ಕಾರ. ಸಾಗರದಿಂದ ಬರೆಯುತ್ತಿದ್ದೇನೆ. ಫೋನಿನಲ್ಲಿ ಟೈಪ್ ಮಾಡುತ್ತಿರುವುದರಿಂದ ಕಮಾಂಡು, ಫೈಲಿನ ಹೆಸರು ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ. ಓದುವಾಗ ನೀವೇ ಇಂಗ್ಲಿಷಿಗೆ ತಿರುಗಿಸಿಕೊಳ್ಳಿ.

ನಾನು ಓದಿದ್ದು ಬಿಕಾಂ. ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಪೈಥಾನ್ ಕಲಿತದ್ದು ಲಾಕ್‌ಡೌನ್ ಸಮಯದಲ್ಲಿ, ಯೂಟ್ಯೂಬ್ ನೋಡಿ. ಈಗ ಮಂಡಿಯ ತೂಕದ ಲೆಕ್ಕ ಎಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ. ಹಿಂದಿನ ದಿನ ಎಷ್ಟು ಮೂಟೆ ರಾಶಿ, ಎಷ್ಟು ಬೆಟ್ಟೆ, ಎಷ್ಟು ಗೊರಬಲು ಬಂತು, ಯಾರಿಗೆ ಎಷ್ಟು ಬಾಕಿ ಅಂತ ದಿನಾ ಬೆಳಿಗ್ಗೆ 6ಕ್ಕೆ ಸಾಹುಕಾರರಿಗೆ ಒಂದು ಮೇಲ್ ಹೋಗಬೇಕು. ಅದಕ್ಕೆ ‘ವರದಿ.ಪಿವೈ’ ಅಂತ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ಸುಮಾರು 140 ಸಾಲು. ಬಾಡಿಗೆ ಸರ್ವರ್, ಉಬುಂಟು.

ಮೊದಲು ಪಾಸ್‌ವರ್ಡ್ ಎಲ್ಲ ಸ್ಕ್ರಿಪ್ಟಿನ ಒಳಗೇ ಇತ್ತು. ಹಾಗೆ ಇಡಬಾರದು ಅಂತ ಎಲ್ಲೋ ಓದಿದೆ. ಬೇರೆ ಫೈಲಿಗೆ ತೆಗೆದಿಟ್ಟೆ. ಹೋಮ್ ಫೋಲ್ಡರಿನ ಒಳಗೆ ‘ಮಂಡಿ’ ಫೋಲ್ಡರ್, ಅದರಲ್ಲಿ ‘.ಎನ್ವಿ’ (ಡಾಟ್‌ಎನ್ವಿ) ಫೈಲ್. ಒಳಗೆ ಇರುವುದು ಇಷ್ಟೇ:

ಎಕ್ಸ್‌ಪೋರ್ಟ್ ಡಿಬಿ_ಪಾಸ್‌ವರ್ಡ್=ಮಂಡಿರಾಶಿ2019
ಎಕ್ಸ್‌ಪೋರ್ಟ್ ಮೇಲ್_ಪಾಸ್‌ವರ್ಡ್=(ಇದನ್ನು ಇಲ್ಲಿ ಹಾಕುವುದಿಲ್ಲ)
ಎಕ್ಸ್‌ಪೋರ್ಟ್ ಟೆಸ್ಟ್=ಟ್ರೂ

ಟೆಸ್ಟ್ ಅನ್ನುವುದು ಟ್ರೂ ಇದ್ದರೆ ಮೇಲ್ ಸಾಹುಕಾರರಿಗೆ ಹೋಗದೆ ನನಗೆ ಮಾತ್ರ ಬರುತ್ತದೆ.

ಟರ್ಮಿನಲ್ ತೆರೆದಾಗ ಬ್ಯಾಷ್ (ಕಮಾಂಡು ಓಡಿಸುವ ಶೆಲ್) ಓದುವ ‘.ಬ್ಯಾಷ್‌ಆರ್‌ಸಿ’ ಫೈಲಿನ ಕೊನೆಯಲ್ಲಿ ಈ ಫೈಲನ್ನು ಸೋರ್ಸ್ ಮಾಡುವ, ಅಂದರೆ ಓದಿಸಿಕೊಳ್ಳುವ, ಒಂದು ಸಾಲು ಸೇರಿಸಿದೆ. ಟರ್ಮಿನಲ್‌ನಲ್ಲಿ ಕೈಯಿಂದ ಓಡಿಸಿದರೆ ಚೆನ್ನಾಗಿ ಓಡುತ್ತದೆ. ಮೇಲ್ ಬರುತ್ತದೆ. ಹೇಳಿದ ಹೊತ್ತಿಗೆ ತಾನೇ ಓಡಿಸುವ ಕ್ರಾನ್‌ಗೆ ಹಾಕಿದೆ. ಸರ್ವರಿನ ಗಡಿಯಾರ ಯುಟಿಸಿ, ಆದ್ದರಿಂದ 0 ಗಂಟೆ 30 ನಿಮಿಷಕ್ಕೆ ಇಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಮೇಲ್ ಇಲ್ಲ. ಲಾಗ್‌ನಲ್ಲಿ ‘ಪಾಸ್‌ವರ್ಡ್ ಕೊಟ್ಟಿಲ್ಲ’ ಅಂತ ಪೋಸ್ಟ್‌ಗ್ರೆಸ್ ಬೈದಿದೆ.

ಆಮೇಲೆ ಮಾಡಿದ್ದು ಒಂದೆರಡಲ್ಲ. ಕ್ರಾನ್ ಸಾಲಿನಲ್ಲೇ ಬ್ಯಾಷ್ ಕರೆದು ಬ್ಯಾಷ್‌ಆರ್‌ಸಿ ಸೋರ್ಸ್ ಮಾಡಿದೆ. ತಪ್ಪು ಅಂತಲೂ ಹೇಳಲಿಲ್ಲ, ಕೆಲಸವೂ ಮಾಡಲಿಲ್ಲ. ಗೆಳೆಯನೊಬ್ಬ ಈ ಫೈಲನ್ನು ಓದುವ ‘ಪೈಥಾನ್-ಡಾಟ್‌ಎನ್ವಿ’ ಲೈಬ್ರರಿ ಹಾಕು ಅಂದ. ಹಾಕಿದೆ. ಸ್ಕ್ರಿಪ್ಟಿನ ಮೊದಲಲ್ಲಿ ಲೋಡ್_ಡಾಟ್‌ಎನ್ವಿ(".ಎನ್ವಿ") ಅಂತ ಬರೆದೆ. ಕೈಯಿಂದ ಓಡಿಸಿದರೆ ಓಕೆ. ಕ್ರಾನ್‌ನಲ್ಲಿ ಮತ್ತೆ ಅದೇ ಹಾಡು. ಕ್ರಾನ್ ಸಹವಾಸವೇ ಬೇಡ ಅಂತ ನಿನ್ನೆ ಲಿನಕ್ಸ್‌ನ ಸರ್ವಿಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಟೈಮರ್ ಮಾಡಿದೆ. ಸರ್ವಿಸ್ ಫೈಲಿನಲ್ಲಿ ‘ಎನ್ವಿರಾನ್‌ಮೆಂಟ್‌ಫೈಲ್=’ ಅಂತ ಪೂರ್ತಿ ದಾರಿ ಕೊಟ್ಟೆ. ಅಲ್ಲೂ ‘ಪಾಸ್‌ವರ್ಡ್ ಕೊಟ್ಟಿಲ್ಲ’! (ಕ್ರಾನ್ ಸಾಲು ಇನ್ನೂ ಹಾಗೇ ಇದೆ. ಅದು ಹೇಗೂ ಏನೂ ಮಾಡುವುದಿಲ್ಲ, ಇರಲಿ ಬಿಡಿ.)

ಒಂದೇ ಫೈಲು. ಒಂದೇ ಸ್ಕ್ರಿಪ್ಟು. ನಾನು ಓಡಿಸಿದರೆ ಓಡುತ್ತದೆ, ಮೆಷಿನ್ ಓಡಿಸಿದರೆ ಓಡುವುದಿಲ್ಲ. ಸಾಹುಕಾರರು ದಿನಾ ‘ಏನಾಯ್ತೋ ನಿನ್ನ ಕಂಪ್ಯೂಟರು?’ ಅಂತ ಕೇಳುತ್ತಾರೆ. ಬೆಳಿಗ್ಗೆ 6ಕ್ಕೆ ನಾನೇ ಎದ್ದು ಕೈಯಿಂದ ಓಡಿಸುತ್ತಿದ್ದೇನೆ. ಯಾರಾದರೂ ದಾರಿ ತೋರಿಸಿ.

ಬೈಟೂ ಕಾಫಿ | ಮಂಗಳವಾರ, ರಾತ್ರಿ 11.05

ಗುರುಗಳೇ, ಮೇಲ್ ಪಾಸ್‌ವರ್ಡ್ ಮುಚ್ಚಿಟ್ಟು ಡೇಟಾಬೇಸ್ ಪಾಸ್‌ವರ್ಡ್ ಊರಿಗೆಲ್ಲ ಹೇಳಿಬಿಟ್ಟಿದ್ದೀರಲ್ಲ! ಕನ್ನಡದಲ್ಲಿ ಬರೆದರೆ ಕಳ್ಳರಿಗೆ ಓದಲು ಬರುವುದಿಲ್ಲ ಅಂದುಕೊಂಡಿರಾ? ಪೋಸ್ಟ್ ತಿದ್ದಿದರೆ ಸಾಲದು, ಯಾರೋ ಓದಿ ಆಗಿರುತ್ತದೆ. ಪಾಸ್‌ವರ್ಡನ್ನೇ ಬದಲಾಯಿಸಿ. ಈಗಲೇ. ಊರು, ಬೆಳೆ, ಇಸವಿ ಸೇರಿಸಿ ಮಾಡಬೇಡಿ. ಉದ್ದ ಇರಲಿ, ಒಂದೆರಡು ಚಿಹ್ನೆ ಇರಲಿ.

ಹಾಗೇ ಇನ್ನೆರಡು ಮಾತು. ಕೋಡ್ ಗಿಟ್‌ನಲ್ಲಿ (ಹಳೇ ಆವೃತ್ತಿಗಳನ್ನೆಲ್ಲ ಉಳಿಸಿಡುತ್ತದಲ್ಲ, ಅದು) ಇಟ್ಟಿದ್ದೀರಾ? ಒಮ್ಮೆ ಡಾಟ್‌ಎನ್ವಿ ಫೈಲನ್ನು ಕಮಿಟ್ ಮಾಡಿ, ಆಮೇಲೆ ಗಿಟ್‌ಇಗ್ನೋರ್‌ಗೆ ಹೆಸರು ಸೇರಿಸಿದರೆ ಏನೂ ಆಗುವುದಿಲ್ಲ. ಗಿಟ್ ಅದನ್ನು ಹಿಂಬಾಲಿಸುತ್ತಲೇ ಇರುತ್ತದೆ. ‘ಗಿಟ್ ಆರ್‌ಎಂ --ಕ್ಯಾಶ್ಡ್’ ಮಾಡಬೇಕು. ಮಾಡಿದರೂ ಹಳೇ ಕಮಿಟ್‌ಗಳಲ್ಲಿ ಅದು ಕೂತಿರುತ್ತದೆ. ಅಲ್ಲೂ ಮದ್ದು ಅದೇ: ಪಾಸ್‌ವರ್ಡ್ ಬದಲಾಯಿಸುವುದು.

ಆ ಸರ್ವರಿನಲ್ಲಿ ವೆಬ್‌ಸೈಟ್ ಏನಾದರೂ ಇದ್ದರೆ, ಬ್ರೌಸರಿನಲ್ಲಿ ನಿಮ್ಮ ವಿಳಾಸದ ಕೊನೆಗೆ ‘/.ಎನ್ವಿ’ ಹಾಕಿ ತೆಗೆದು ನೋಡಿ. ವೆಬ್ ಸರ್ವರ್ ಎಂಜಿನ್‌ಎಕ್ಸ್‌ನ ರೂಟ್ (ಅದು ಫೈಲ್ ಹಂಚುವ ಫೋಲ್ಡರ್) ತಪ್ಪಾಗಿ ಮಂಡಿ ಫೋಲ್ಡರಿಗೇ ಇದ್ದರೆ ಫೈಲ್ ಹಾಗೇ ತೆರೆದುಕೊಳ್ಳುತ್ತದೆ. ಇದನ್ನೇ ಹುಡುಕಿಕೊಂಡು ಬಾಟ್‌ಗಳು ಇಡೀ ದಿನ ತಿರುಗುತ್ತಿರುತ್ತವೆ. ಯಾವುದಾದರೂ ವೆಬ್ ಸರ್ವರಿನ ಲಾಗ್ ತೆಗೆದು ನೋಡಿ, ಬಾಗಿಲು ತಟ್ಟಿ ಹೋದ ಗುರುತು ಸಿಗುತ್ತದೆ.

ನಿಮ್ಮ ಅಸಲಿ ಪ್ರಶ್ನೆಗೆ ಹಳೇ ಸರ್ವರ್ ಅವರೇ ಬರಬೇಕು. ನನಗೆ ನಿದ್ದೆ ಬರುತ್ತಿದೆ.

ಹಳೇ ಸರ್ವರ್ | ಬುಧವಾರ, ಬೆಳಿಗ್ಗೆ 7.20

ಬಂದೆ.

ಅಡಿಕೆ ಲೆಕ್ಕದವರೇ, ‘ಒಂದೇ ಫೈಲು, ಒಂದೇ ಸ್ಕ್ರಿಪ್ಟು’ ಅಂದಿರಿ. ನಿಜ. ಆದರೆ ನಿಮ್ಮ ಫೈಲನ್ನು ಓದುತ್ತಿರುವವರು ಮೂರು ಜನ. ಬ್ಯಾಷ್ ಒಬ್ಬ, ಪೈಥಾನ್-ಡಾಟ್‌ಎನ್ವಿ ಒಬ್ಬ, ಸಿಸ್ಟಮ್‌ಡಿ ಒಬ್ಬ. ಮೂವರೂ ಓದುವ ರೀತಿ ಬೇರೆ. ಕ್ರಾನ್ ಅಂತೂ ಓದುವುದೇ ಇಲ್ಲ. ಡಾಟ್‌ಎನ್ವಿ ಅಂತ ಒಂದು ಫೈಲ್ ಇದೆ ಅನ್ನುವುದು ಲಿನಕ್ಸ್ ಕರ್ನಲ್‌ಗೆ ಗೊತ್ತೇ ಇಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ಒಂದು ಪ್ರೋಗ್ರಾಮ್ ಶುರುವಾಗುವಾಗ ‘ಹೆಸರು=ಬೆಲೆ’ ಅಂತ ಒಂದು ಪಟ್ಟಿ (ಎನ್ವಿರಾನ್‌ಮೆಂಟ್) ಕೈಗೆ ಕೊಡುವುದು. 1979ರಲ್ಲಿ ಬಂದ ಯುನಿಕ್ಸ್ 7ನೇ ಆವೃತ್ತಿಯಿಂದ ನಡೆದುಬಂದ ಪದ್ಧತಿ ಇದು.

ಆ ಪಟ್ಟಿ ಬುತ್ತಿ ಇದ್ದ ಹಾಗೆ. ಮನೆಯಿಂದ ಹೊರಡುವಾಗ ಅಮ್ಮ ಕಟ್ಟಿಕೊಡುತ್ತಾಳೆ. ಕಟ್ಟಿಕೊಟ್ಟ ಮೇಲೆ ಮನೆಯಲ್ಲಿ ಹೊಸ ಪಲ್ಯ ಮಾಡಿದರೂ ಹೋದ ಮಗನ ಡಬ್ಬಿಗೆ ಅದು ಬರುವುದಿಲ್ಲ. ನೀವು ಟರ್ಮಿನಲ್‌ನಲ್ಲಿ ಓಡಿಸಿದಾಗ ಬುತ್ತಿ ಕಟ್ಟಿದ್ದು ನಿಮ್ಮ ಬ್ಯಾಷ್. ಅದು ಬ್ಯಾಷ್‌ಆರ್‌ಸಿ ಓದಿ, ನಿಮ್ಮ ಫೈಲ್ ಸೋರ್ಸ್ ಮಾಡಿ, ಎಕ್ಸ್‌ಪೋರ್ಟ್ ಆದದ್ದನ್ನೆಲ್ಲ ಡಬ್ಬಿಗೆ ಹಾಕಿತು. ಕ್ರಾನ್ ನಿಮ್ಮ ಮನೆಯದಲ್ಲ. ಅದು ಬೂಟ್ ಆದಾಗಿನಿಂದ ಬೇರೆಯಾಗೇ ಓಡುತ್ತಿದೆ. ಉಬುಂಟುವಿನಲ್ಲಿ ಅದು ಕಟ್ಟಿಕೊಡುವ ಬುತ್ತಿಯಲ್ಲಿ ಹೋಮ್, ಲಾಗ್‌ನೇಮ್, ಶೆಲ್, ಒಂದು ಗಿಡ್ಡ ಪಾತ್, ಹೆಚ್ಚುಕಡಿಮೆ ಇಷ್ಟೇ. ನಂಬಿಕೆ ಬರದಿದ್ದರೆ ನಿಮಿಷಕ್ಕೊಮ್ಮೆ ‘ಎನ್ವಿ’ ಕಮಾಂಡ್ ಓಡಿಸಿ ಒಂದು ಫೈಲಿಗೆ ಬರೆಯುವ ಕ್ರಾನ್ ಸಾಲು ಹಾಕಿ. ಎರಡು ನಿಮಿಷ ಬಿಟ್ಟು ತೆಗೆದು ನೋಡಿ. ಎಷ್ಟು ಬಡ ಬುತ್ತಿ ಅಂತ ಗೊತ್ತಾಗುತ್ತದೆ.

ಕ್ರಾನ್‌ನಲ್ಲಿ ಬ್ಯಾಷ್‌ಆರ್‌ಸಿ ಸೋರ್ಸ್ ಮಾಡಿದರೂ ಯಾಕೆ ಆಗಲಿಲ್ಲ? ಉಬುಂಟುವಿನ ಬ್ಯಾಷ್‌ಆರ್‌ಸಿ ತೆರೆದು ಮೇಲಿನ ಹತ್ತು ಸಾಲು ಓದಿ. ಎದುರಿಗೆ ಮನುಷ್ಯ ಕೂತಿಲ್ಲದಿದ್ದರೆ, ಅಂದರೆ ಇಂಟರಾಕ್ಟಿವ್ ಶೆಲ್ ಅಲ್ಲದಿದ್ದರೆ, ಇಲ್ಲಿಂದಲೇ ವಾಪಸ್ ಹೋಗು ಅಂತ ಅಲ್ಲಿ ಬರೆದಿದೆ. ನಿಮ್ಮ ಸಾಲು ಇರುವುದು ಕೊನೆಯಲ್ಲಿ. ಅಲ್ಲಿಯವರೆಗೆ ಅದು ಬರಲೇ ಇಲ್ಲ. ಅದಕ್ಕೇ ತಪ್ಪು ಅಂತಲೂ ಹೇಳಲಿಲ್ಲ. ಈ ಒಂದು ಸಾಲು ಎಷ್ಟು ಜನರ ರಾತ್ರಿ ನಿದ್ದೆ ತಿಂದಿದೆಯೋ!

ಈಗ ಲೋಡ್_ಡಾಟ್‌ಎನ್ವಿ. ನೀವು ".ಎನ್ವಿ" ಅಂತ ಬರೀ ಹೆಸರು ಕೊಟ್ಟಿದ್ದೀರಿ. ಎಲ್ಲಿರುವ ಡಾಟ್‌ಎನ್ವಿ? ಪ್ರೋಗ್ರಾಮ್ ಆಗ ಯಾವ ಫೋಲ್ಡರಿನಲ್ಲಿ ನಿಂತಿದೆಯೋ ಅಲ್ಲಿನದು. ನೀವು ಮಂಡಿ ಫೋಲ್ಡರಿಗೆ ಹೋಗಿ ಓಡಿಸುತ್ತೀರಿ, ಸಿಗುತ್ತದೆ. ಕ್ರಾನ್ ನಿಂತಿರುವುದು ಹೋಮ್ ಫೋಲ್ಡರಿನಲ್ಲಿ. ಸಿಸ್ಟಮ್‌ಡಿ ಸಿಸ್ಟಮ್ ಸರ್ವಿಸ್ ನಿಂತಿರುವುದು ಬೇರಿನಲ್ಲಿ, ಅಂದರೆ ಬರೀ ‘/’. ಎರಡೂ ಕಡೆ ಫೈಲ್ ಇಲ್ಲ. ಫೈಲ್ ಸಿಗದಿದ್ದರೆ ಈ ಲೈಬ್ರರಿ ಕೂಗಾಡುವುದೂ ಇಲ್ಲ. ಸುಮ್ನೆ ಫಾಲ್ಸ್ ಅಂತ ವಾಪಸ್ ಕೊಡುತ್ತದೆ, ನೀವು ಅದನ್ನು ನೋಡಿಲ್ಲ. ‘ವರ್ಬೋಸ್’ ಅನ್ನುವುದನ್ನು ಟ್ರೂ ಮಾಡಿದರೆ ಲಾಗ್‌ನಲ್ಲಿ ಒಂದು ಮಾತು ಹೇಳುತ್ತದೆ. ಸರಿಯಾದ ದಾರಿ ಅಂದರೆ ‘__ಫೈಲ್__’ (ಸ್ಕ್ರಿಪ್ಟ್ ತಾನಿರುವ ವಿಳಾಸ) ಹಿಡಿದು ಸ್ಕ್ರಿಪ್ಟ್ ಇರುವ ಫೋಲ್ಡರಿನಿಂದಲೇ ಪೂರ್ತಿ ವಿಳಾಸ ಕಟ್ಟಿಕೊಡುವುದು. ಆಗ ಯಾರು ಎಲ್ಲಿಂದ ಓಡಿಸಿದರೂ ಸಿಗುತ್ತದೆ. ಅಥವಾ ಆವರಣದ ಒಳಗೆ ಏನೂ ಕೊಡದೆ ಖಾಲಿ ಬಿಡಿ. ಆಗ ಕರೆದ ಸ್ಕ್ರಿಪ್ಟ್ ಇರುವ ಫೋಲ್ಡರಿನಿಂದ ಶುರುಮಾಡಿ ಮೇಲೆ ಮೇಲೆ ಹುಡುಕುತ್ತದೆ. ನನಗೆ ಮೊದಲನೆಯದೇ ಇಷ್ಟ. ಹುಡುಕಿಕೊಂಡು ಹೋಗುವ ಪ್ರೋಗ್ರಾಮ್ ಒಂದು ದಿನ ಬೇರೆ ಯಾವುದೋ ಫೈಲನ್ನು ಹಿಡಿದುಕೊಂಡು ಬರುತ್ತದೆ.

ಕೊನೆಗೆ ಸಿಸ್ಟಮ್‌ಡಿ. ಇಲ್ಲಿ ದಾರಿ ಸರಿ ಕೊಟ್ಟಿದ್ದೀರಿ. ತೊಂದರೆ ಇರುವುದು ‘ಎಕ್ಸ್‌ಪೋರ್ಟ್’ ಅನ್ನುವ ಪದದಲ್ಲಿ. ಅದು ಶೆಲ್‌ನ ಆಜ್ಞೆ. ಬ್ಯಾಷ್‌ಗೆ ಅರ್ಥವಾಗುತ್ತದೆ. ಪೈಥಾನ್-ಡಾಟ್‌ಎನ್ವಿ ಕೂಡ ಹೋಗಲಿ ಪಾಪ ಅಂತ ಅದನ್ನು ಬಿಟ್ಟು ಓದುತ್ತದೆ. ಸಿಸ್ಟಮ್‌ಡಿ ಶೆಲ್ ಅಲ್ಲ. ಅದಕ್ಕೆ ‘ಎಕ್ಸ್‌ಪೋರ್ಟ್ ಡಿಬಿ_ಪಾಸ್‌ವರ್ಡ್’ ಅನ್ನುವ ಇಡೀ ತುಂಡೇ ಹೆಸರಾಗಿ ಕಾಣುತ್ತದೆ. ಹೆಸರಿನ ಮಧ್ಯೆ ಜಾಗ ಇರುವಂತಿಲ್ಲ, ಆದ್ದರಿಂದ ಸಾಲನ್ನೇ ಬಿಸಾಕುತ್ತದೆ. ಸಿಸ್ಟಮ್‌ಡಿಯ ಲಾಗ್ ತೋರಿಸುವ ‘ಜರ್ನಲ್‌ಸಿಟಿಎಲ್ -ಯು’ ಹಾಕಿ ನಿಮ್ಮ ಸರ್ವಿಸ್ ಹೆಸರು ಕೊಟ್ಟು ನೋಡಿ. ಸಾಲು ಸರಿಯಿಲ್ಲ, ಬಿಟ್ಟಿದ್ದೇನೆ ಅಂತ ಹೇಳಿರುತ್ತದೆ. ಹೇಳುವಾಗ ಆ ಸಾಲನ್ನೂ ಬರೆದಿರುತ್ತದೆ. ಅಂದರೆ ನಿಮ್ಮ ಪಾಸ್‌ವರ್ಡ್ ಜರ್ನಲ್‌ನಲ್ಲೂ ಬಿದ್ದಿದೆ. ಬೈಟೂ ಕಾಫಿಯವರು ಹೇಳಿದ್ದನ್ನು ಮೊದಲು ಮಾಡಿ.

ಮೂರು ಸಾಲಿನಿಂದಲೂ ಎಕ್ಸ್‌ಪೋರ್ಟ್ ತೆಗೆಯಿರಿ. ಬರೀ ಹೆಸರು, ಸಮ ಚಿಹ್ನೆ, ಬೆಲೆ. ಸಮ ಚಿಹ್ನೆಯ ಆಚೆ ಈಚೆ ಜಾಗ ಬೇಡ, ಬ್ಯಾಷ್ ಸಹಿಸುವುದಿಲ್ಲ. ಡಾಲರ್ ಚಿಹ್ನೆಯನ್ನು ಆದಷ್ಟು ದೂರ ಇಡಿ. ಬ್ಯಾಷ್ ಅದನ್ನು ಬಿಡಿಸಿ ಬೇರೆ ಏನೋ ಮಾಡುತ್ತದೆ, ಸಿಸ್ಟಮ್‌ಡಿ ಈ ಫೈಲಿನಲ್ಲಿ ಹಾಗೇ ಬಿಡುತ್ತದೆ. ಫೈಲಿನ ಅನುಮತಿ 600 ಮಾಡಿ, ಅಂದರೆ ಮಾಲೀಕ ಮಾತ್ರ ಓದಿ ಬರೆಯುವ ಹಾಗೆ. ಫೈಲ್ ಬದಲಾಯಿಸಿದಾಗ ಡೀಮನ್-ರೀಲೋಡ್ ಬೇಕಿಲ್ಲ. ಸರ್ವಿಸ್ ಶುರುವಾಗುವಾಗಲೆಲ್ಲ ಸಿಸ್ಟಮ್‌ಡಿ ಅದನ್ನು ಹೊಸದಾಗಿ ಓದುತ್ತದೆ. ಸರ್ವಿಸ್ ಫೈಲನ್ನೇ ತಿದ್ದಿದರೆ ಮಾತ್ರ ರೀಲೋಡ್.

ಇನ್ನೊಂದು. ಪಾಸ್‌ವರ್ಡ್ ಬಂತೋ ಇಲ್ಲವೋ ನೋಡಲು ಅದನ್ನೇ ಪ್ರಿಂಟ್ ಮಾಡಬೇಡಿ. ಅದರ ಉದ್ದ ಪ್ರಿಂಟ್ ಮಾಡಿ. ನಾನು ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತೇನೆ. ಏನೂ ಬರದಿದ್ದರೆ ಫೈಲ್ ಸಿಕ್ಕಿಲ್ಲ. ಒಂದಕ್ಷರ ಜಾಸ್ತಿ ಇದ್ದರೆ ಫೈಲನ್ನು ವಿಂಡೋಸ್‌ನಲ್ಲಿ ತಿದ್ದಿದ್ದಾರೆ, ಸಾಲಿನ ಕೊನೆಯ ಕಾಣದ ಅಕ್ಷರವೊಂದು ಅಂಟಿಕೊಂಡಿದೆ. ಎರಡು ಜಾಸ್ತಿ ಇದ್ದರೆ ಉದ್ಧರಣ ಚಿಹ್ನೆಗಳೂ ಒಳಗೆ ಬಂದಿವೆ. ಪ್ರೋಗ್ರಾಮನ್ನು ಕಂಟೇನರಿನಲ್ಲಿ ಓಡಿಸುವ ‘ಡಾಕರ್ ರನ್’ಗೆ ಎನ್ವಿ-ಫೈಲ್ ಕೊಟ್ಟಾಗ ಹೀಗಾಗುತ್ತದೆ, ಅದು ಚಿಹ್ನೆ ಕೀಳುವುದಿಲ್ಲ. ಕಡಿಮೆ ಇದ್ದರೆ ಎಲ್ಲೋ ಕತ್ತರಿಸಿದೆ.

ಸಂಜೆ ಏನಾಯ್ತು ಹೇಳಿ.

ಪಿಎಚ್‌ಪಿ ಪ್ರಾಣಿ | ಬುಧವಾರ, ಮಧ್ಯಾಹ್ನ 1.15

ಪಿಎಚ್‌ಪಿಯ ಲಾರಾವೆಲ್ ಫ್ರೇಮ್‌ವರ್ಕ್‌ನವರು ಈ ಕಡೆ ಬಂದರೆ ಅವರಿಗೂ ಒಂದು ಮಾತು. ‘ಕಾನ್ಫಿಗ್:ಕ್ಯಾಶ್’ ಓಡಿಸಿದ ಮೇಲೆ ಡಾಟ್‌ಎನ್ವಿ ಫೈಲನ್ನು ಲಾರಾವೆಲ್ ಓದುವುದೇ ಇಲ್ಲ. ಕಂಟ್ರೋಲರ್ ಒಳಗೆ ನೇರ ‘ಎನ್ವಿ()’ ಕರೆದಿದ್ದರೆ ಅಲ್ಲಿ ನಲ್ ಬರುತ್ತದೆ. ಲ್ಯಾಪ್‌ಟಾಪಿನಲ್ಲಿ ಸರಿ, ಸರ್ವರಿಗೆ ಹಾಕಿದ ದಿನವೇ ಬಿದ್ದಿತು ಅಂದರೆ ಮೊದಲು ಇದನ್ನು ನೋಡಿ. ಎನ್ವಿ() ಕರೆಯುವುದು ಕಾನ್ಫಿಗ್ ಫೋಲ್ಡರಿನ ಫೈಲುಗಳಲ್ಲಿ ಮಾತ್ರ ಇರಲಿ, ಉಳಿದ ಕಡೆ ‘ಕಾನ್ಫಿಗ್()’. ಅಡಿಕೆಯವರಿಗೆ ಇದು ಬೇಡ, ಕ್ಷಮಿಸಿ. ಮಧ್ಯೆ ಬಾಯಿ ಹಾಕಿದೆ.

ಅಡಿಕೆ ಲೆಕ್ಕ | ಗುರುವಾರ, ಬೆಳಿಗ್ಗೆ 8.50

ಹಳೇ ಸರ್ವರ್ ಸರ್, ನಿಮ್ಮ ಕಾಲಿಗೆ ನಮಸ್ಕಾರ. ನಿನ್ನೆ ರಾತ್ರಿ ಪಾಸ್‌ವರ್ಡ್ ಬದಲಾಯಿಸಿದೆ. ಎಕ್ಸ್‌ಪೋರ್ಟ್ ತೆಗೆದೆ. ಇಂದು ಬೆಳಿಗ್ಗೆ 6 ಗಂಟೆ 1 ನಿಮಿಷಕ್ಕೆ ಟೈಮರ್‌ನಿಂದ ಮೇಲ್ ಬಂತು! ನಾನು ಹಾಸಿಗೆಯಲ್ಲೇ ಇದ್ದೆ. ಸ್ಕ್ರಿಪ್ಟಿನ ಒಳಗಿನ ದಾರಿಯನ್ನು ಇನ್ನೂ ಮುಟ್ಟಿಲ್ಲ, ಇಂದು ರಾತ್ರಿ ಮಾಡುತ್ತೇನೆ. ಬೈಟೂ ಕಾಫಿ ಸರ್, ಬ್ರೌಸರಿನಲ್ಲೂ ನೋಡಿದೆ. 404 ಬಂತು. ಜೀವ ಬಂತು.

ಆದರೆ ಈಗ ಎಲ್ಲ ಉಲ್ಟಾ ಆಗಿದೆ. ಮೆಷಿನ್ ಓಡಿಸಿದರೆ ಓಡುತ್ತದೆ, ನಾನು ಓಡಿಸಿದರೆ ಪಾಸ್‌ವರ್ಡ್ ತಪ್ಪು ಅನ್ನುತ್ತದೆ! ಮಂಡಿ ಫೋಲ್ಡರಿನಲ್ಲೇ ನಿಂತು ಓಡಿಸಿದ್ದೇನೆ. ಫೈಲಿನಲ್ಲಿ ಹೊಸ ಪಾಸ್‌ವರ್ಡೇ ಇದೆ, ಮೂರು ಸಲ ನೋಡಿದೆ. ಉದ್ದ ಪ್ರಿಂಟ್ ಮಾಡಿದರೆ ಹಳೇ ಪಾಸ್‌ವರ್ಡಿನ ಉದ್ದ ಬರುತ್ತಿದೆ. ಹಳೆಯದು ಈಗ ಎಲ್ಲೂ ಇಲ್ಲ. ಎಲ್ಲಿಂದ ಬರುತ್ತಿದೆ ಇದು? ದೆವ್ವ ಹಿಡಿದ ಹಾಗಿದೆ.

ಇನ್ನೊಂದು, ಇಂದು ಮೇಲ್ ಬಂದದ್ದು ನನಗೆ ಮಾತ್ರ. ಟೆಸ್ಟ್ ಅನ್ನುವುದನ್ನು ನಿನ್ನೆಯೇ ಫಾಲ್ಸ್ ಮಾಡಿದ್ದೆ. ಸಾಹುಕಾರರಿಗೆ ಹೋಗಬೇಕಿತ್ತು ಅಲ್ವಾ?

ಅದೂ ಅಲ್ಲದೆ ಸಾಹುಕಾರರ ಅಳಿಯ ಅದೇ ಸರ್ವರಿನಲ್ಲಿ ದಿನದ ಧಾರಣೆ ತೋರಿಸುವ ಒಂದು ಪುಟ ಮಾಡಿದ್ದಾರೆ, ನೋಡ್ ಜೆಎಸ್‌ನಲ್ಲಿ. ಅದೂ ಇದೇ ಡಾಟ್‌ಎನ್ವಿ ಓದುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಪಾಸ್‌ವರ್ಡ್ ಬದಲಾಯಿಸಿದ್ದಕ್ಕೆ ಅದು ಬಿದ್ದುಹೋಗಿದೆ. ರೀಸ್ಟಾರ್ಟ್ ಮಾಡಿದರೂ ಪಾಸ್‌ವರ್ಡ್ ತಪ್ಪು. ನಿಮ್ಮ ಉದ್ದದ ಉಪಾಯ ಅಲ್ಲೂ ಮಾಡಿದೆ. ಹೊಸ ಪಾಸ್‌ವರ್ಡ್ 14 ಅಕ್ಷರ. ಪೈಥಾನ್‌ನಲ್ಲಿ ಟೈಮರ್‌ನಿಂದ 14 ಬರುತ್ತದೆ. ನೋಡ್ 9 ಅನ್ನುತ್ತಿದೆ.

ಬೈಟೂ ಕಾಫಿ | ಗುರುವಾರ, ಬೆಳಿಗ್ಗೆ 9.30

ನೋಡ್ ಪ್ರಶ್ನೆ ನನಗೆ ಬಿಡಿ. ಕವಡೆ ಹಾಕಿ ಹೇಳುತ್ತೇನೆ. ನಿಮ್ಮ ಹೊಸ ಪಾಸ್‌ವರ್ಡಿನ 10ನೇ ಅಕ್ಷರ ಹ್ಯಾಷ್ ಚಿಹ್ನೆ (#). ಅಲ್ವಾ?

ಹ್ಯಾಷ್ ಅಂದರೆ ಟಿಪ್ಪಣಿ. ಟಿಪ್ಪಣಿ ಎಲ್ಲಿಂದ ಶುರು ಅನ್ನುವುದರಲ್ಲಿ ಒಬ್ಬೊಬ್ಬರದು ಒಂದೊಂದು ನ್ಯಾಯ. ಸಿಸ್ಟಮ್‌ಡಿಗೆ ಸಾಲಿನ ಮೊದಲಲ್ಲಿ ಇದ್ದರೆ ಮಾತ್ರ ಟಿಪ್ಪಣಿ. ಪೈಥಾನ್-ಡಾಟ್‌ಎನ್ವಿಗೆ ಹ್ಯಾಷ್‌ನ ಹಿಂದೆ ಒಂದು ಜಾಗ ಇರಬೇಕು. ನೋಡ್‌ನ ‘ಡಾಟ್‌ಎನ್ವಿ’ ಪ್ಯಾಕೇಜ್‌ಗೆ ಅದೆಲ್ಲ ಇಲ್ಲ. ಉದ್ಧರಣ ಚಿಹ್ನೆ ಇಲ್ಲದ ಬೆಲೆಯಲ್ಲಿ ಹ್ಯಾಷ್ ಎಲ್ಲಿ ಕಂಡಿತೋ ಅಲ್ಲಿಂದ ಮುಂದಿನದು ಕಸ. 2022ರ 15ನೇ ಆವೃತ್ತಿಯಿಂದ ಹೀಗಿದೆ. ಆ ಅಪ್‌ಗ್ರೇಡ್ ಮಾಡಿದ ದಿನ ನಮ್ಮ ಆಫೀಸಿನಲ್ಲಿ ಪೇಮೆಂಟ್ ಕೀ ಅರ್ಧಕ್ಕೆ ತುಂಡಾಗಿತ್ತು. ಇಡೀ ಮಧ್ಯಾಹ್ನ ಬ್ಯಾಂಕಿನವರನ್ನು ಬೈದೆವು. ತಪ್ಪು ನಮ್ಮದೇ.

ಬೆಲೆಯನ್ನು ಒಂಟಿ ಉದ್ಧರಣ ಚಿಹ್ನೆಯಲ್ಲಿ ಇಡಿ. ನೋಡ್, ಪೈಥಾನ್, ಬ್ಯಾಷ್, ಸಿಸ್ಟಮ್‌ಡಿ ನಾಲ್ಕೂ ಅದನ್ನು ಕಿತ್ತು ಒಳಗಿನದನ್ನು ಸರಿಯಾಗಿ ಕೊಡುತ್ತವೆ.

ಮತ್ತೆ, 14 ಅಕ್ಷರ, 10ನೆಯದು ಹ್ಯಾಷ್ ಅಂತ ಈಗ ಊರಿಗೇ ಗೊತ್ತಾಯ್ತು. ಇನ್ನೊಂದು ಸಲ ಬದಲಾಯಿಸಿ ಸ್ವಾಮೀ.

ಹಳೇ ಸರ್ವರ್ | ಗುರುವಾರ, ಮಧ್ಯಾಹ್ನ 3.10

ದೆವ್ವ ಅಲ್ಲ, ಹಳೇ ಬುತ್ತಿ. ನಿಮ್ಮ ಟರ್ಮಿನಲ್ ಯಾವಾಗ ತೆರೆದದ್ದು? ಟರ್ಮಿನಲ್ಲನ್ನು ಮುಚ್ಚದೆ ಉಳಿಸಿಡುವ ಟಿಮಕ್ಸ್‌ನಲ್ಲಿ ದಿನಗಟ್ಟಲೆ ತೆರೆದಿಟ್ಟಿರುತ್ತೀರಿ ಅನ್ನಿಸುತ್ತದೆ. ಆ ಬ್ಯಾಷ್ ಶುರುವಾದಾಗ ಫೈಲಿನಲ್ಲಿ ಹಳೇ ಪಾಸ್‌ವರ್ಡ್ ಇತ್ತು. ಅದನ್ನು ಎಕ್ಸ್‌ಪೋರ್ಟ್ ಮಾಡಿಕೊಂಡು ಕೂತಿದೆ. ಈಗ ನೀವು ಸ್ಕ್ರಿಪ್ಟ್ ಓಡಿಸಿದಾಗ ಬುತ್ತಿಯಲ್ಲಿ ಹಳೆಯದು ಮೊದಲೇ ಇದೆ. ಲೋಡ್_ಡಾಟ್‌ಎನ್ವಿ ಫೈಲ್ ಓದುತ್ತದೆ, ಆದರೆ ಆ ಹೆಸರು ಆಗಲೇ ಇದ್ದರೆ ಮುಟ್ಟುವುದಿಲ್ಲ. ಮೊದಲೇ ಇದ್ದದ್ದಕ್ಕೆ ಗೆಲುವು. ನೋಡ್‌ನ ಪ್ಯಾಕೇಜೂ ಹಾಗೇ.

‘ಓವರ್‌ರೈಡ್’ ಟ್ರೂ ಮಾಡಿದರೆ ಫೈಲ್ ಗೆಲ್ಲುತ್ತದೆ ಅಂತ ಯಾರಾದರೂ ಹೇಳಲು ಬಂದಾರು. ಹೌದು, ಗೆಲ್ಲುತ್ತದೆ. ಆದರೆ ಇದನ್ನು ಬೇಕೆಂದೇ ಹೀಗೆ ಮಾಡಿದ್ದಾರೆ. ಫೈಲ್ ಇರುವುದು ಲ್ಯಾಪ್‌ಟಾಪಿನ ಅನುಕೂಲಕ್ಕೆ. ಸರ್ವರ್ ನಡೆಸುವವನು ಹೊರಗಿನಿಂದ ಕೊಟ್ಟದ್ದೇ ಕೊನೆಯ ಮಾತು. ಹೆರೊಕು ಕಂಪನಿಯವರು 2011ರ ಸುಮಾರಿಗೆ ಹನ್ನೆರಡು ಸೂತ್ರ ಬರೆದರಲ್ಲ, ಕಾನ್ಫಿಗ್ ಎಲ್ಲ ಎನ್ವಿರಾನ್‌ಮೆಂಟ್‌ನಲ್ಲಿರಲಿ ಅಂತ, ಅದರಿಂದ ಬಂದ ರೂಢಿ ಇದು. ನಿಮ್ಮಲ್ಲಿ ಕೆಡಿಸಿರುವುದು ಆ ಬ್ಯಾಷ್‌ಆರ್‌ಸಿ ಸಾಲು. ಅದನ್ನು ತೆಗೆಯಿರಿ. ಹಳೇ ಟರ್ಮಿನಲ್ ಎಲ್ಲ ಮುಚ್ಚಿ ಹೊಸದು ತೆರೆಯಿರಿ. ಮುಚ್ಚಲು ಮನಸ್ಸಿಲ್ಲದಿದ್ದರೆ ‘ಅನ್‌ಸೆಟ್’ ಹಾಕಿ ಆ ಮೂರು ಹೆಸರು ಅಳಿಸಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಆಗ ಕೆಲಸ ಮಾಡುತ್ತಿದ್ದ ಕಡೆ, ಹೆಸರು ಬೇಡ, ಟೆಸ್ಟ್ ಡೇಟಾಬೇಸಿನಿಂದ ಹಳೇ ಸಾಲುಗಳನ್ನು ಅಳಿಸುವ ಒಂದು ಸ್ಕ್ರಿಪ್ಟ್ ಇತ್ತು. ಡಾಟ್‌ಎನ್ವಿಯಲ್ಲಿ ಟೆಸ್ಟ್ ಸರ್ವರಿನ ವಿಳಾಸ. ಎರಡೆರಡು ಸಲ ನೋಡಿದೆ. ಪಕ್ಕದವನಿಗೂ ತೋರಿಸಿದೆ. ಓಡಿಸಿದೆ. ಆದರೆ ಹಿಂದಿನ ದಿನ ಅದೇ ಟರ್ಮಿನಲ್‌ನಲ್ಲಿ, ಬೇರೆ ಯಾವುದೋ ಕೆಲಸಕ್ಕೆ, ಅಸಲಿ ಸರ್ವರಿನ ವಿಳಾಸವನ್ನು ಎಕ್ಸ್‌ಪೋರ್ಟ್ ಮಾಡಿದ್ದೆ. ಅದು ಗೆದ್ದಿತು. ಮೂರು ತಿಂಗಳ ಆರ್ಡರ್‌ಗಳು ಹೋದವು. ರಾತ್ರಿಯ ಬ್ಯಾಕಪ್ ಇತ್ತು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗಿನದು ಮಾತ್ರ ಕಾಗದದ ರಸೀದಿ ನೋಡಿ ಕೈಯಿಂದ ತುಂಬಿದೆವು. ರಸೀದಿ ಓದಿ ಹೇಳುತ್ತಿದ್ದ ಅಕೌಂಟ್ಸ್ ಮೇಡಂ ಒಂದು ಮಾತೂ ಬೈಯಲಿಲ್ಲ. ಅದೇ ಜಾಸ್ತಿ ನೋವಾಯಿತು. ಅವತ್ತಿನಿಂದ ಅಳಿಸುವ ಸ್ಕ್ರಿಪ್ಟ್ ಯಾವುದೇ ಇರಲಿ, ಯಾವ ಡೇಟಾಬೇಸಿಗೆ ಕೈ ಹಾಕುತ್ತಿದ್ದೇನೆ ಅಂತ ಮೊದಲು ಪರದೆ ಮೇಲೆ ಬರೆದು, ‘ಹೌದು’ ಅಂತ ಟೈಪ್ ಮಾಡಿಸಿಕೊಂಡೇ ಮುಂದೆ ಹೋಗುತ್ತದೆ.

ಟೆಸ್ಟ್ ವಿಷಯ ಸಣ್ಣದು. ಎನ್ವಿರಾನ್‌ಮೆಂಟ್‌ನಲ್ಲಿ ಇರುವುದೆಲ್ಲ ಬರೀ ಅಕ್ಷರ. ಹೌದು-ಅಲ್ಲ ಅನ್ನುವುದು ಅಲ್ಲಿ ಇಲ್ಲ. ನಿಮ್ಮ ಸ್ಕ್ರಿಪ್ಟ್‌ನಲ್ಲಿ ‘ಇಫ್ ಟೆಸ್ಟ್’ ಅಂತ ಇರಬೇಕು. ‘ಫಾಲ್ಸ್’ ಅನ್ನುವುದು ಐದಕ್ಷರದ ಸ್ಟ್ರಿಂಗ್, ಖಾಲಿ ಅಲ್ಲ, ಆದ್ದರಿಂದ ಪೈಥಾನ್‌ಗೆ ಅದು ಟ್ರೂ. ಬಂದದ್ದನ್ನು ಸಣ್ಣಕ್ಷರ ಮಾಡಿ ‘ಟ್ರೂ’ ಅನ್ನುವ ಪದಕ್ಕೆ ಹೋಲಿಸಿ ನೋಡಿ. ಅದು ಬಿಟ್ಟು ಬೇರೆ ಏನೇ ಬಂದರೂ ಟೆಸ್ಟ್ ಅಲ್ಲ ಅಂತ ಇಟ್ಟುಕೊಳ್ಳಿ.

ಅಳಿಯಂದಿರಿಗೆ ಬೇರೆ ಫೈಲ್ ಮಾಡಿಕೊಡಿ. ಡೇಟಾಬೇಸಿನಲ್ಲೂ ಬೇರೆ ಬಳಕೆದಾರ, ಧಾರಣೆಯ ಟೇಬಲ್ ಓದಲು ಮಾತ್ರ ಅನುಮತಿ. ಧಾರಣೆ ತೋರಿಸುವ ಪುಟಕ್ಕೆ ರೈತರ ಬಾಕಿ ಯಾಕೆ ಕಾಣಬೇಕು?

ಅಡಿಕೆ ಲೆಕ್ಕ | ಶುಕ್ರವಾರ, ಬೆಳಿಗ್ಗೆ 7.15

ಎಲ್ಲ ಮಾಡಿದೆ. ಬ್ಯಾಷ್‌ಆರ್‌ಸಿ ಸಾಲು ತೆಗೆದೆ. ಟಿಮಕ್ಸ್ ಹೌದು ಸರ್, 11 ದಿನದಿಂದ ತೆರೆದೇ ಇತ್ತು, ಹೇಗೆ ಗೊತ್ತಾಯ್ತು? ಪಾಸ್‌ವರ್ಡ್ ಮತ್ತೆ ಬದಲಾಯಿಸಿ ಒಂಟಿ ಚಿಹ್ನೆಯಲ್ಲಿ ಇಟ್ಟೆ. ‘__ಫೈಲ್__’ ಹಿಡಿದು ಪೂರ್ತಿ ದಾರಿ ಕೊಟ್ಟೆ. ಟೆಸ್ಟ್ ಹೋಲಿಕೆ ಸರಿ ಮಾಡಿದೆ. ಅಳಿಯಂದಿರಿಗೆ ಬೇರೆ ಫೈಲ್, ಬೇರೆ ಬಳಕೆದಾರ. ರಾತ್ರಿ 1 ಗಂಟೆ ಆಯ್ತು, ಮನೆಯಲ್ಲಿ ಬೈಸಿಕೊಂಡೆ.

ಈಗ ತಾನೇ ಸಾಹುಕಾರರು ಫೋನ್ ಮಾಡಿದ್ದರು. ಮೇಲ್ ಬಂದಿದೆ. ಎರಡು ಬಂದಿವೆ. ಎರಡರಲ್ಲೂ ರಾಶಿ 62 ಮೂಟೆ ಅಂತ ಇದೆ. ‘ನಿನ್ನೆ ಬಂದದ್ದು 62 ಮೂಟೆಯೋ 124 ಮೂಟೆಯೋ, ಸರಿಯಾಗಿ ಹೇಳು ಮಾರಾಯ’ ಅಂದರು.

ಹಳೇ ಕ್ರಾನ್ ಸಾಲು. ಈಗ ಅದೂ ಓಡುತ್ತಿದೆ.